ಸೋಂಕಿನ ಸರಪಳಿ ಮತ್ತು ಚಿಕಿತ್ಸಕನ ಕೈ

ರೋಗವನ್ನು ತಡೆಯಬೇಕಾದರೆ ಮೊದಲು ಅದರ ಕಾರಕವನ್ನು ಕಂಡುಹಿಡಿಯಬೇಕೆಂಬುದು ಸಾಮಾನ್ಯವಾದ ಭಾವನೆ. ವೈದ್ಯಶಾಸ್ತ್ರದ ಇತಿಹಾಸವನ್ನು ಪರಿಶೀಲಿಸಿದರೆ ಇದು ಪೂರ್ಣಸತ್ಯವಲ್ಲವೆಂದು ತಿಳಿದುಬರುತ್ತದೆ. ಕಾರಕವು ಯಾವುದೆಂದು ಗೊತ್ತಿಲ್ಲದಿದ್ದರೂ ಅದು ಬರುವ ದಾರಿ ಗೊತ್ತಾದರೆ ರೋಗವನ್ನು ತಡೆಯಬಹುದು. ಕಾರಕವು ಗೊತ್ತಿದ್ದೂ ದಾರಿಯನ್ನು ಅಲಕ್ಷಿಸಿದರೆ ಆ ಜ್ಞಾನದಿಂದ ರೋಗಿಗೆ ಪ್ರಯೋಜನವಿಲ್ಲ. 1847ರಲ್ಲಿ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ನಡೆದ ಸಂಗತಿ ಇದಕ್ಕೆ ಉತ್ತಮ ನಿದರ್ಶನ. ವೈದ್ಯವನ್ನೂ ಶುಶ್ರೂಷೆಯನ್ನೂ ಕಲಿಯುತ್ತಿರುವವರು ಅದನ್ನು ವಿಶೇಷವಾಗಿ ಗಮನಿಸಬೇಕು; ಏಕೆಂದರೆ ಅಲ್ಲಿ ರೋಗವನ್ನು ಹೊತ್ತು ತಂದವರು ವಿದ್ಯಾರ್ಥಿಗಳು ಮತ್ತು ಅವರ ಅಧ್ಯಾಪಕರು.

ಸೋಂಕು ಹರಡುವ ಕ್ರಮವನ್ನು ಆರು ಕೊಂಡಿಗಳ ಸರಪಳಿಗೆ ಹೋಲಿಸುವುದು ವಾಡಿಕೆ. ರೋಗಕಾರಕವಾದ ಸೂಕ್ಷ್ಮಜೀವಿ ಮೊದಲನೆಯದು. ಅದು ನೆಲೆಸಿ ವೃದ್ಧಿಯಾಗುವ ಆಶ್ರಯ ಎರಡನೆಯದು. ಇದು ರೋಗಿಯ ದೇಹವಾಗಬಹುದು, ನೀರಾಗಬಹುದು, ಮಣ್ಣಾಗಬಹುದು. ಆಶ್ರಯದಿಂದ ಹೊರಬೀಳುವ ದ್ವಾರ ಮೂರನೆಯದು, ಅಲ್ಲಿಂದ ಸಾಗಿಬರುವ ಮಾರ್ಗ ನಾಲ್ಕನೆಯದು, ಮತ್ತೊಂದು ದೇಹವನ್ನು ಹೊಗುವ ದ್ವಾರ ಐದನೆಯದು. ಸೋಂಕಿಗೆ ಈಡಾಗಬಲ್ಲ ದೇಹವು ಕಡೆಯದು. ಇವುಗಳಲ್ಲಿ ಯಾವುದೊಂದು ಕೊಂಡಿ ಕಳಚಿದರೂ ಸರಪಳಿ ತುಂಡಾಗುತ್ತದೆ. ಆಸ್ಪತ್ರೆಯಲ್ಲಿ ಎಲ್ಲ ಕೊಂಡಿಗಳೂ ನಮ್ಮ ಅಧೀನದಲ್ಲಿರುವುದಿಲ್ಲ. ರೋಗಿಯ ದೌರ್ಬಲ್ಯವನ್ನು ಒಂದು ದಿನದಲ್ಲಿ ನೀಗಿಸಲಾಗದು. ಗಾಯವನ್ನು ಇಲ್ಲದಂತೆ ಮಾಡಲಾಗದು. ಆದರೆ ನಾಲ್ಕನೆಯ ಕೊಂಡಿಯಾದ ಮಾರ್ಗವು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ; ಅನೇಕ ವೇಳೆ ನಮ್ಮ ಕೈಯೇ ಆ ಮಾರ್ಗವಾಗಿದೆ.

ವಿಯೆನ್ನಾ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಒಂದನೆಯದು ವೈದ್ಯವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಾಗಿತ್ತು, ಎರಡನೆಯದು ಸೂಲಗಿತ್ತಿಯರ ಶಿಕ್ಷಣಕ್ಕೆ. 1846ರಲ್ಲಿ ಒಂದನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ಮಂದಿ ತಾಯಂದಿರು ಮಡಿದರು. ಎರಡನೆಯದರಲ್ಲಿ 3,754 ಹೆರಿಗೆಗಳಿಗೆ 105 ಸಾವುಗಳಾದುವು. ಅಂದರೆ ಒಂದು ಕಡೆ ನೂರಕ್ಕೆ 11.4, ಮತ್ತೊಂದು ಕಡೆ 2.8. ಈ ಸಾವುಗಳಿಗೆ ಮುಖ್ಯ ಕಾರಣ ಸೂತಿಕಾಜ್ವರ, ಎಂದರೆ ಬಾಣಂತಿಯರಿಗೆ ಬರುವ ಜ್ವರ. ಈ ಅಂತರವು ನಗರದ ಬಡ ಹೆಂಗಸರಿಗೂ ಗೊತ್ತಿತ್ತು. ಒಂದನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಅಂಗಲಾಚುತ್ತಿದ್ದರು. ಆಸ್ಪತ್ರೆಗೆ ಬರುವಾಗ ಬೀದಿಯಲ್ಲಿಯೇ ಹೆತ್ತವರಿಗೆ ಈ ಜ್ವರ ತಗಲುವುದು ವಿರಳವಾಗಿತ್ತೆಂಬುದು ಇನ್ನೂ ಸೋಜಿಗದ ಸಂಗತಿ.

1846ರಲ್ಲಿ ಒಂದನೆಯ ವಿಭಾಗದ ಸಹಾಯಕ ವೈದ್ಯನಾಗಿ ನೇಮಕಗೊಂಡ ಹಂಗೇರಿಯ ಇಗ್ನಾಸ್ ಸೆಮ್ಮೆಲ್‌ವೈಸನು ಈ ಅಂತರದ ಕಾರಣವನ್ನು ಅರಸತೊಡಗಿದನು. ದೂಷಿತವಾದ ವಾಯುವೇ ಕಾರಣವೆಂದರೆ ಅದು ಎರಡು ವಿಭಾಗಗಳಿಗೂ ಸಮಾನವಾಗಿತ್ತು. ಜನಸಂದಣಿಯೆಂದರೆ ಎರಡನೆಯ ವಿಭಾಗದಲ್ಲಿಯೇ ಅದು ಹೆಚ್ಚಾಗಿತ್ತು. ಹೀಗಿರಲು 1847ರ ಮಾರ್ಚಿಯಲ್ಲಿ ಅವನ ಸ್ನೇಹಿತನೂ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕನೂ ಆಗಿದ್ದ ಕೊಲೆಚ್ಕನು ತೀರಿಕೊಂಡನು. ಶವಪರೀಕ್ಷೆಯ ಸಮಯದಲ್ಲಿ ವಿದ್ಯಾರ್ಥಿಯೊಬ್ಬನ ಚಾಕುವಿನಿಂದ ಅವನ ಬೆರಳಿಗೆ ಗಾಯವಾಗಿತ್ತು. ಅವನ ದೇಹದಲ್ಲಿ ಕಂಡ ವಿಕಾರಗಳು ಸೂತಿಕಾಜ್ವರದಿಂದ ಸತ್ತವರಲ್ಲಿ ಕಂಡವುಗಳಂತೆಯೇ ಇದ್ದುವು. ಚಾಕುವು ಅವನಿಗೆ ಏನನ್ನು ಮುಟ್ಟಿಸಿತೋ ಅದನ್ನೇ ಬಾಣಂತಿಯರಿಗೆ ಪರೀಕ್ಷಕರ ಬೆರಳುಗಳು ಮುಟ್ಟಿಸುತ್ತಿವೆಯೆಂದು ಸೆಮ್ಮೆಲ್‌ವೈಸನು ನಿಶ್ಚಯಿಸಿದನು. ವೈದ್ಯರೂ ವಿದ್ಯಾರ್ಥಿಗಳೂ ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ.

ಅವರು ಕೈಯನ್ನು ಸೋಪಿನಿಂದ ತೊಳೆಯುತ್ತಿರಲಿಲ್ಲವೆಂದಲ್ಲ. ತೊಳೆದ ಮೇಲೂ ಶವದ ವಾಸನೆ ಉಳಿಯುತ್ತಿತ್ತು. ವಾಸನೆ ಉಳಿದಿದ್ದರೆ ದ್ರವ್ಯವೂ ಉಳಿದಿರಬೇಕೆಂದು ತರ್ಕಿಸಿ, 1847ರ ಮೇ ತಿಂಗಳ ನಡುವೆ, ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆದುಕೊಂಡೇ ವಾರ್ಡನ್ನು ಪ್ರವೇಶಿಸಬೇಕೆಂದು ಅವನು ವಿಧಿಸಿದನು. ಏಪ್ರಿಲಿನಲ್ಲಿ ನೂರಕ್ಕೆ 18.3ರಷ್ಟಿದ್ದ ಸಾವು ಜೂನಿನಲ್ಲಿ 2.2ಕ್ಕೂ ಜುಲೈನಲ್ಲಿ 1.2ಕ್ಕೂ ಇಳಿಯಿತು. 1848ರಲ್ಲಿ ಎರಡು ವಿಭಾಗಗಳ ಅಂತರವೇ ಅಳಿಸಿಹೋಯಿತು. ಆ ರೋಗದಲ್ಲಿ ಸರಪಳಿಯಂತೆ ಸಾಲಾಗಿ ಕಾಣುವ ಗುಂಡಾಣುಗಳನ್ನು ಪಾಸ್ತರನು ತೋರಿಸಿಕೊಟ್ಟುದು 1879ರಲ್ಲಿ. ಅವನು ಕಾರಕವನ್ನು ತೋರಿಸುವ ಮೂವತ್ತೆರಡು ವರ್ಷ ಮುಂಚೆಯೇ ಅದರ ದಾರಿಯನ್ನು ಕಡಿದುಹಾಕಲಾಗಿತ್ತು.

ಆದರೆ ಆ ವರ್ಷದ ಅಕ್ಟೋಬರಿನಲ್ಲಿ ನಡೆದ ಇನ್ನೊಂದು ಘಟನೆ ನಮಗೆ ಹೆಚ್ಚು ಮುಖ್ಯವಾದುದು. ಗರ್ಭಕೋಶದ ಕ್ಯಾನ್ಸರಿನಿಂದ ಸ್ರಾವವಿದ್ದ ಹೆಂಗಸೊಬ್ಬಳು ವಾರ್ಡಿನ ಮೊದಲ ಹಾಸಿಗೆಯಲ್ಲಿದ್ದಳು. ಪರೀಕ್ಷಕರು ಅವಳನ್ನು ನೋಡಿ, ಕೈಯನ್ನು ಬರಿಯ ಸೋಪಿನಿಂದ ತೊಳೆದು, ಮುಂದಿನವರನ್ನು ಪರೀಕ್ಷಿಸಿದರು. ಅವಳೊಡನೆ ಹೆರಿಗೆಯಾದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಸೋಂಕಿನ ಆಶ್ರಯವು ಶವವೊಂದೇ ಅಲ್ಲ, ಜೀವಂತ ರೋಗಿಯೂ ಹೌದೆಂದು ಇದರಿಂದ ವ್ಯಕ್ತವಾಯಿತು. ವಾರ್ಡಿನ ಬಾಗಿಲಲ್ಲಿ ಒಮ್ಮೆ ತೊಳೆದರೆ ಸಾಲದು. ಒಂದು ಹಾಸಿಗೆಗೂ ಮತ್ತೊಂದು ಹಾಸಿಗೆಗೂ ನಡುವೆ ತೊಳೆಯಬೇಕು.

ಇಷ್ಟು ಸ್ಪಷ್ಟವಾದ ಫಲವಿದ್ದರೂ ಈ ಮತವನ್ನು ಬಹುಮಂದಿ ಒಪ್ಪಲಿಲ್ಲ. ಸೂತಿಕಾಜ್ವರವನ್ನು ಚಿಕಿತ್ಸಕರೇ ಹರಡುವರೆಂದು 1795ರಲ್ಲಿ ಅಬರ್ಡೀನಿನ ಗಾರ್ಡನನೂ 1843ರಲ್ಲಿ ಅಮೆರಿಕದ ಹೋಮ್ಸನೂ ಹೇಳಿದ್ದುದು ಹೀಗೆಯೇ ಅನಾದರಕ್ಕೆ ಗುರಿಯಾಗಿತ್ತು. ಸೆಮ್ಮೆಲ್‌ವೈಸನು ತನ್ನ ಗ್ರಂಥವನ್ನು ಪ್ರಕಟಿಸಿದುದು 1861ರಷ್ಟು ತಡವಾಗಿ. ವಿರೋಧಿಗಳನ್ನು ಕಟುವಾಗಿ ನಿಂದಿಸಿದುದೂ ಅವನಿಗೆ ಪ್ರತಿಕೂಲವಾಯಿತು. 1865ರಲ್ಲಿ ಅವನು ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ತೀರಿಕೊಂಡನು. ಆದರೂ ಮೂಲವಾದ ಅಡ್ಡಿ ಮನಸ್ಸಿನದು. ಬೇಲಿಯೇ ಎದ್ದು ಹೊಲ ಮೇಯ್ದಿತೆಂದು ಬೇಲಿ ಹಾಕಿದವನು ಒಪ್ಪುವುದು ಸುಲಭವಲ್ಲ. ಶವಪರೀಕ್ಷೆಯಲ್ಲಿ ಹೆಚ್ಚು ಶ್ರದ್ಧೆ ತೋರಿದವನೇ ಹೆಚ್ಚು ಅಪಾಯಕಾರಿಯಾಗಿದ್ದನು; ಸೆಮ್ಮೆಲ್‌ವೈಸನೂ ಅಂಥವನೇ. ತನ್ನ ಕೈಯಿಂದಲೂ ಅನೇಕರು ಸತ್ತಿರಬೇಕೆಂಬುದನ್ನು ಅವನು ತನ್ನ ಗ್ರಂಥದಲ್ಲಿ ಮುಚ್ಚಿಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ ಕೈಯನ್ನು ಶುದ್ಧಿಗೊಳಿಸಬೇಕಾದ ಐದು ಸಂದರ್ಭಗಳನ್ನು ಹೇಳಿದೆ: ರೋಗಿಯನ್ನು ಮುಟ್ಟುವ ಮೊದಲು, ಗಾಯಕ್ಕೆ ಕಟ್ಟು ಹಾಕುವುದೇ ಮೊದಲಾದ ನಿರ್ಮಲ ಕಾರ್ಯಗಳ ಮೊದಲು, ರಕ್ತಾದಿ ದೇಹದ್ರವಗಳ ಸಂಪರ್ಕವಾದ ಅನಂತರ, ರೋಗಿಯನ್ನು ಮುಟ್ಟಿದ ಅನಂತರ, ಅವನ ಸುತ್ತಣ ವಸ್ತುಗಳನ್ನು ಮುಟ್ಟಿದ ಅನಂತರ. ಮೊದಲ ಎರಡು ರೋಗಿಯ ರಕ್ಷಣೆಗೆ. ಉಳಿದವು ನಮ್ಮ ಮತ್ತು ಇತರರ ರಕ್ಷಣೆಗೆ. ಆಲ್ಕೊಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡುಗಳೂ ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡುಗಳೂ ಬೇಕು. ಕೊಳೆಯು ಕಣ್ಣಿಗೆ ಕಾಣುವಂತಿದ್ದರೆ ಸೋಪು ನೀರೇ ಆಗಬೇಕು. ಕೈಗವಸು ಇದಕ್ಕೆ ಬದಲಿಯಲ್ಲ. ಒಂದೇ ಗವಸಿನಲ್ಲಿ ಇಬ್ಬರು ರೋಗಿಗಳನ್ನು ಮುಟ್ಟಿದವನು 1847ರ ಅಕ್ಟೋಬರಿನ ಪರೀಕ್ಷಕನಿಗಿಂತ ಭಿನ್ನನಲ್ಲ.

ಕೈ ತೊಳೆದರೆ ಎಲ್ಲವೂ ಮುಗಿಯಿತೆಂದೂ ಭಾವಿಸಬಾರದು. ಶ್ವಾಸಕೋಶದ ಕ್ಷಯವು ಗಾಳಿಯ ಮೂಲಕ ಬರುತ್ತದೆ. ಅಲ್ಲಿ ಬೇಕಾದುದು ಗಾಳಿಯ ಸಂಚಾರವುಳ್ಳ ಕೊಠಡಿ, ರೋಗಿಯ ಪ್ರತ್ಯೇಕ ವಸತಿ, ತಕ್ಕ ಮುಖಗವಸು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ. ಅಲ್ಲಿ ಬೇಕಾದುದು ಸೊಳ್ಳೆಯ ಪರದೆ. ಆದುದರಿಂದ ಯಾವ ರೋಗವನ್ನು ಕುರಿತು ಓದಿದರೂ ವಿದ್ಯಾರ್ಥಿಯು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ, ಇದು ಯಾವ ದಾರಿಯಿಂದ ಬರುತ್ತದೆ ಎಂಬುದು. ಎರಡನೆಯದು, ಆ ದಾರಿಯಲ್ಲಿ ನಾನು ಎಲ್ಲಿ ನಿಂತಿದ್ದೇನೆ ಎಂಬುದು. ಮೊದಲನೆಯದಕ್ಕೆ ಉತ್ತರವು ಪಠ್ಯಪುಸ್ತಕದಲ್ಲಿ ದೊರೆಯುತ್ತದೆ. ಎರಡನೆಯದಕ್ಕೆ ಪ್ರತಿಯೊಬ್ಬನೂ ದಿನವೂ ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗ ತಾನೇ ಉತ್ತರ ಕೊಟ್ಟುಕೊಳ್ಳಬೇಕು.