ಗುಲಾಬಿಯ ಜೊತೆಗೊಂದು ಪುಸ್ತಕ

ಏಪ್ರಿಲ್ 23ರಂದು ಬಾರ್ಸಿಲೋನಾದಲ್ಲಿ ಸಾರ್ವಜನಿಕ ರಜೆ ಇಲ್ಲ. ಕಚೇರಿಗಳು ತೆರೆದಿರುತ್ತವೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಬಸ್ಸು, ಮೆಟ್ರೋ ಎಂದಿನಂತೆ ಓಡುತ್ತವೆ. ಆದರೆ ಆ ಸಂಜೆ ಮೆಟ್ರೋ ಹತ್ತಿದವರಲ್ಲಿ ಬಹಳಷ್ಟು ಜನರ ಕೈಯಲ್ಲಿ ಒಂದು ಕೆಂಪು ಗುಲಾಬಿ, ಹೆಗಲಲ್ಲಿ ಪುಸ್ತಕದ ಚೀಲ. ಸ್ಪೇನ್ ದೇಶದ ಈಶಾನ್ಯ ಮೂಲೆಯಲ್ಲಿರುವ ಕ್ಯಾಟಲೋನಿಯಾದ ಜನ ಪ್ರೀತಿಯ ಹಬ್ಬ ಮಾಡುವುದೇ ಹೀಗೆ. ಫೆಬ್ರವರಿ 14ರ ಸಡಗರ ಅಲ್ಲಿ ಅಷ್ಟಕ್ಕಷ್ಟೆ. ಅವರ ಪ್ರೇಮಿಗಳ ದಿನವೆಂದರೆ ಸಂತ ಜೋರ್ದಿಯ ದಿನ.

ಇದರ ಹಿಂದಿನ ಕಥೆಯನ್ನು ಅಲ್ಲಿನ ಮಕ್ಕಳು ಶಿಶುವಿಹಾರದಲ್ಲೇ ಕೇಳಿರುತ್ತಾರೆ. ಮೊಂಬ್ಲಾಂಕ್ ಎಂಬ ಊರಿಗೆ ಒಂದು ಡ್ರ್ಯಾಗನ್ ಕಾಟ ಕೊಡುತ್ತಿತ್ತು. ಕುರಿ, ದನ ಎಲ್ಲ ಮುಗಿದ ಮೇಲೆ ಚೀಟಿ ಎತ್ತಿ ದಿನಕ್ಕೊಬ್ಬರನ್ನು ಅದಕ್ಕೆ ಬಲಿ ಕೊಡಬೇಕಾಯಿತು. ಒಂದು ದಿನ ರಾಜಕುಮಾರಿಯ ಹೆಸರೇ ಬಂತು. ಆಗ ಕುದುರೆಯೇರಿ ಬಂದ ಜೋರ್ದಿ ಭರ್ಜಿಯಿಂದ ಡ್ರ್ಯಾಗನ್ನನ್ನು ಇರಿದು ಕೊಂದ. ಅದರ ರಕ್ತ ಬಿದ್ದ ನೆಲದಲ್ಲಿ ಗುಲಾಬಿ ಗಿಡ ಚಿಗುರಿತು. ಅದರಲ್ಲಿ ಅರಳಿದ ಹೂವನ್ನು ಕಿತ್ತು ಅವನು ರಾಜಕುಮಾರಿಗೆ ಕೊಟ್ಟ. ಸಂತ ಜೋರ್ದಿ 1456ರಿಂದ ಕ್ಯಾಟಲೋನಿಯಾದ ಅಧಿಕೃತ ರಕ್ಷಕ ಸಂತ. ಅವನ ದಿನದಂದು ಬಾರ್ಸಿಲೋನಾದಲ್ಲಿ ಗುಲಾಬಿಯ ಸಂತೆ ನೆರೆಯುವ ಪದ್ಧತಿಯೂ ಶತಮಾನಗಳಷ್ಟು ಹಳೆಯದು.

ಪುಸ್ತಕ ಸೇರಿಕೊಂಡದ್ದು ಬಹಳ ಈಚೆಗೆ. ವಲೆನ್ಸಿಯಾ ಮೂಲದ ವಿಸೆಂತ್ ಕ್ಲಾವೆಲ್ ಎಂಬ ಲೇಖಕ-ಪ್ರಕಾಶಕ ಪುಸ್ತಕಕ್ಕೂ ಒಂದು ದಿನ ಇರಲಿ ಎಂದು ಪಟ್ಟು ಹಿಡಿದ. ದೊರೆ 13ನೇ ಅಲ್ಫಾನ್ಸೊ 1926ರಲ್ಲಿ ಆಜ್ಞೆ ಹೊರಡಿಸಿದ. ಮೊದಲು ಅಕ್ಟೋಬರ್ 7ರಂದು ನಡೆಯುತ್ತಿದ್ದ ಈ ಪುಸ್ತಕ ದಿನವನ್ನು 1930ರ ಹೊತ್ತಿಗೆ ಏಪ್ರಿಲ್ 23ಕ್ಕೆ ತಂದರು. ಸ್ಪೇನಿನ ಲೇಖಕ ಸೆರ್ವಾಂಟಿಸ್‌ನ ಸ್ಮರಣೆಯ ದಿನವೂ ಅದೇ, ಬಯಲಲ್ಲಿ ಪುಸ್ತಕ ಹರಡಿ ಮಾರಲು ವಸಂತದ ಹವೆಯೂ ಅನುಕೂಲ. ಹೀಗೆ ಗುಲಾಬಿಯ ಹಬ್ಬ, ಪುಸ್ತಕದ ಹಬ್ಬ ಒಂದೇ ದಿನ ಬಂದು ಕೂತವು. ಗಂಡು ಹೆಣ್ಣಿಗೆ ಗುಲಾಬಿ ಕೊಡುವುದು, ಹೆಣ್ಣು ಗಂಡಿಗೆ ಪುಸ್ತಕ ಕೊಡುವುದು ಎಂಬುದು ಹಳೆಯ ರೂಢಿ. ಅದೀಗ ಸಡಿಲವಾಗಿದೆ. ಹೆಂಗಸರೂ ಪುಸ್ತಕ ಬೇಕು ಅಂದರು, ಸರಿಯಾಗಿಯೇ ಅಂದರು.

ಈ ಹಬ್ಬದ ಸೊಗಸು ಇರುವುದು ಅದು ಪ್ರೇಮಿಗಳಿಗಷ್ಟೇ ನಿಂತುಹೋಗದೆ ಇಡೀ ಮನೆಗೆ ಹರಡಿಕೊಂಡದ್ದರಲ್ಲಿ. ಅಜ್ಜ ಅಜ್ಜಿಗೆ, ಮಗ ತಾಯಿಗೆ, ಅಪ್ಪ ಮಗಳಿಗೆ ಗುಲಾಬಿ ಕೊಡುತ್ತಾರೆ. ಮಕ್ಕಳಿಗೆ ದೊಡ್ಡವರಿಂದ ಪುಸ್ತಕ ಬರುತ್ತದೆ. ಕೈಯಲ್ಲಿ ಕಾಸಿಲ್ಲದ ಚಿಕ್ಕವರು ಶಾಲೆಯಲ್ಲಿ ಕೆಂಪು ಕಾಗದ ಮಡಚಿ ಹೂ ಮಾಡಿ, ಹಸಿರು ಕಡ್ಡಿಗೆ ಅಂಟಿಸಿ ಮನೆಗೆ ತರುತ್ತಾರೆ. ಕಥೆ, ಕವಿತೆ ಬರೆಯುವ ಸ್ಪರ್ಧೆಗಳೂ ಶಾಲೆಗಳಲ್ಲಿ ನಡೆಯುತ್ತವೆ. ಮಧ್ಯಯುಗದ ಕಾವ್ಯಸ್ಪರ್ಧೆಯೊಂದನ್ನು ಬಾರ್ಸಿಲೋನಾದಲ್ಲಿ 1859ರಲ್ಲಿ ಮತ್ತೆ ಶುರುಮಾಡಿದ್ದರು. ಶಾಲೆಯ ಈ ಸ್ಪರ್ಧೆಗಳಿಗೆ ಇಂದಿಗೂ ಅದರದೇ ಹೆಸರು. ದೊಡ್ಡ ತರಗತಿಯ ಹುಡುಗ ಹುಡುಗಿಯರು ಬೀದಿಯಲ್ಲಿ ಮೇಜು ಹಾಕಿ, ಬಕೆಟ್‌ನಲ್ಲಿ ಗುಲಾಬಿ ಇಟ್ಟುಕೊಂಡು ಮಾರುತ್ತಾರೆ. ಬಂದ ಹಣ ವರ್ಷದ ಕೊನೆಯ ಪ್ರವಾಸಕ್ಕೆ.

ಗುಲಾಬಿ ಕಟ್ಟುವುದಕ್ಕೂ ಒಂದು ಕ್ರಮವಿದೆ. ಉದ್ದ ದಂಟಿನ ಒಂದೇ ಹೂ, ಪಕ್ಕದಲ್ಲೊಂದು ಗೋಧಿಯ ತೆನೆ, ಸುತ್ತ ಪಾರದರ್ಶಕ ಹಾಳೆ, ಮೇಲೆ ಹಳದಿ ನೆಲದಲ್ಲಿ ಕೆಂಪು ಪಟ್ಟೆಗಳ ರಿಬ್ಬನ್. ಆ ಪಟ್ಟೆಗಳು ಕ್ಯಾಟಲನ್ ಬಾವುಟದವು. ತೆನೆ ಸಮೃದ್ಧಿಯ ಗುರುತು. ಬೇಕರಿಗಳಲ್ಲಿ ಅಂದು ಒಂದು ವಿಶೇಷ ರೊಟ್ಟಿ ಸಿಗುತ್ತದೆ. ಗಿಣ್ಣಿನ ಹಳದಿ, ಮೆಣಸಿನಪುಡಿ ಬೆರೆಸಿದ ಮಾಂಸದ ಕೆಂಪು ಪದರ ಪದರವಾಗಿ ಕೂಡಿರುತ್ತವೆ. ಕತ್ತರಿಸಿದರೆ ಒಳಗೂ ಅದೇ ಪಟ್ಟೆ.

ಒಂದೇ ದಿನದಲ್ಲಿ ಮಾರಾಟವಾಗುವ ಗುಲಾಬಿಗಳು ಸುಮಾರು 60ರಿಂದ 70 ಲಕ್ಷ. ಕ್ಯಾಟಲೋನಿಯಾದ ಜನಸಂಖ್ಯೆ 80 ಲಕ್ಷದ ಆಸುಪಾಸು. ಪುಸ್ತಕಗಳೂ 15 ಲಕ್ಷಕ್ಕಿಂತ ಹೆಚ್ಚು ಖರ್ಚಾಗುತ್ತವೆ. ಅಲ್ಲಿನ ಪುಸ್ತಕದಂಗಡಿಯವರಿಗೂ ಪ್ರಕಾಶಕರಿಗೂ ವರ್ಷದ ಅತಿ ದೊಡ್ಡ ದಿನ ಇದು. ಹೂವಿನ ಬಹುಪಾಲು ಕೊಲಂಬಿಯಾ, ಈಕ್ವೆಡಾರ್‌ಗಳಿಂದ ವಿಮಾನದಲ್ಲಿ ಬರುತ್ತದೆ. ಸ್ಥಳೀಯ ಬೆಳೆಗಾರರ ಪಾಲು ತೀರಾ ಸಣ್ಣದು. ಸ್ವಂತ ನೆಲದ ಹಬ್ಬಕ್ಕೆ ದೂರದ ಹೂ ಬರುತ್ತಿರುವುದು ಬೇಸರದ ಸಂಗತಿಯೇ.

ಪುಸ್ತಕದ ಮಳಿಗೆಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಹಬ್ಬದ ತಿರುಳು ಕಾಣುತ್ತದೆ. ನಿಗದಿಯಾದ ಹೊತ್ತಿಗೆ ಲೇಖಕರು ಬಂದು ಕೂರುತ್ತಾರೆ, ಎದುರಿಗೆ ಸಾಲು ಬೆಳೆಯುತ್ತದೆ. ಓದುಗರು ಹಸ್ತಾಕ್ಷರ ಹಾಕಿಸಿಕೊಳ್ಳುವಾಗ ಎಷ್ಟೋ ಸಲ ಹೇಳುವುದು ತಮ್ಮ ಹೆಸರನ್ನಲ್ಲ. ಪುಸ್ತಕ ಯಾರ ಕೈಸೇರಬೇಕೋ ಅವರ ಹೆಸರನ್ನು. ಗುಲಾಬಿಯನ್ನು ಯಾರಿಗೆ ಬೇಕಾದರೂ ಕೊಡಬಹುದು, ಎಲ್ಲವೂ ಒಂದೇ ಥರ. ಪುಸ್ತಕ ಹಾಗಲ್ಲ. ಅಮ್ಮನಿಗೆ ಈಗ ಸಣ್ಣ ಅಕ್ಷರ ಓದಲು ಕಷ್ಟವೇ, ತಮ್ಮ ಆ ಪತ್ತೇದಾರಿ ಸರಣಿಯ ಎಷ್ಟನೇ ಭಾಗದಲ್ಲಿದ್ದಾನೆ, ಅಪ್ಪನಿಗೆ ಇತಿಹಾಸ ಇಷ್ಟವೋ ಪ್ರವಾಸಕಥನವೋ ಎಂಬುದೆಲ್ಲ ಗೊತ್ತಿರಬೇಕು. ಜೊತೆಗಿರುವವರನ್ನು ವರ್ಷಕ್ಕೊಮ್ಮೆಯಾದರೂ ಗಮನವಿಟ್ಟು ನೋಡುವಂತೆ ಮಾಡುವ ಈ ಉಡುಗೊರೆ ದುಬಾರಿ ಆಭರಣಕ್ಕಿಂತ ಎಷ್ಟೋ ಮೇಲು.

ಈ ಸರಳತೆಯೇ ಹಬ್ಬವನ್ನು ಕಷ್ಟಕಾಲದಲ್ಲೂ ಉಳಿಸಿತು. 1939ರಲ್ಲಿ ಅಂತರ್ಯುದ್ಧ ಗೆದ್ದ ಫ್ರಾಂಕೊನ ಸರ್ಕಾರ ಕ್ಯಾಟಲನ್ ಭಾಷೆಯನ್ನು ಶಾಲೆ, ಕಚೇರಿಗಳಿಂದ ಹೊರಗಿಟ್ಟಿತು. ಮೊದಲ ವರ್ಷಗಳಲ್ಲಿ ಆ ಭಾಷೆಯ ಪುಸ್ತಕ ಪ್ರಕಟಣೆಗೂ ತಡೆಯಿತ್ತು. ಅಂಥ ಕಾಲದಲ್ಲೂ ಗುಲಾಬಿ ಕೈಬದಲಾಗುತ್ತಲೇ ಇತ್ತು. 2020ರಲ್ಲಿ ಕೊರೊನಾ ಬೀದಿಗಳನ್ನು ಖಾಲಿ ಮಾಡಿದಾಗ ಹಬ್ಬವನ್ನು ಜುಲೈಗೆ ಮುಂದೂಡಿದರು. 2022ರಲ್ಲಿ ನಿರ್ಬಂಧವೆಲ್ಲ ತೆಗೆದು ಜನಜಂಗುಳಿ ಸೇರಿದ್ದಾಗ ಆಲಿಕಲ್ಲು ಮಳೆ, ಬಿರುಗಾಳಿ ಬಂದು ಮಳಿಗೆಗಳು ಉರುಳಿದವು, ಪುಸ್ತಕಗಳು ತೊಯ್ದವು. ಮಳೆ ನಿಂತಾಗ ಜನ ಮತ್ತೆ ಬೀದಿಗೆ ಬಂದರು.

ಯುನೆಸ್ಕೊ 1995ರಲ್ಲಿ ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನವೆಂದು ಘೋಷಿಸಿತು. ಕರ್ನಾಟಕದ ಗ್ರಂಥಾಲಯಗಳಲ್ಲಿ, ಕಾಲೇಜುಗಳಲ್ಲಿ ಆ ದಿನ ಭಾಷಣ, ಪ್ರದರ್ಶನಗಳು ನಡೆಯುತ್ತವೆ. ಇಲ್ಲಿಗೆ ಬಂದದ್ದು ಪುಸ್ತಕ ಮಾತ್ರ; ಅದನ್ನು ಮನೆಯವರಿಗೆ ಕೊಡುವ ಪದ್ಧತಿ ಬರಲಿಲ್ಲ. ಏಪ್ರಿಲ್ 23ರ ಹೊತ್ತಿಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿರುತ್ತದೆ, ಮಕ್ಕಳು ಅಜ್ಜಿಮನೆಯಲ್ಲಿರುತ್ತಾರೆ. ಅಜ್ಜಿಯ ಕೈಯಿಂದ ಮೊಮ್ಮಗಳಿಗೆ ಒಂದು ಕಥೆಪುಸ್ತಕ, ಮೊಮ್ಮಗಳಿಂದ ಅಜ್ಜಿಗೆ ಹಿತ್ತಲಿನದೇ ಒಂದು ಗುಲಾಬಿ. ಇಷ್ಟಕ್ಕೆ ಪುರೋಹಿತರೂ ಬೇಡ, ಮುಹೂರ್ತವೂ ಬೇಡ.