ಕಾರ್ಬನ್ ಕ್ರೆಡಿಟ್ ಮಾರುಕಟ್ಟೆ: ಸಿಮೆಂಟ್ ಚೀಲಕ್ಕೆ, ಕರೆಂಟ್ ಬಿಲ್ಲಿಗೆ ಎಷ್ಟು ಹೊರೆ ಬೀಳತೈತಿ?

ವಿಜಯಪುರ: ಕಾರ್ಖಾನೆಗಳು ಬಿಡುವ ಹೊಗೆಗೂ ಈಗ ಲೆಕ್ಕ ಬಂದಿದೆ. ಮಿತಿ ಮೀರಿದ ಕಾರ್ಖಾನೆ ಹಣ ಕೊಟ್ಟು ಕ್ರೆಡಿಟ್ ಖರೀದಿಸಬೇಕು, ಮಿತಿಗಿಂತ ಕಡಿಮೆ ಬಿಟ್ಟ ಕಾರ್ಖಾನೆ ಅದನ್ನು ಮಾರಿ ಹಣ ಗಳಿಸಬಹುದು. ಕೇಂದ್ರ ಸರ್ಕಾರದ ಈ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯ ಸುದ್ದಿ ಬಂದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಅಂಗಡಿಕಾರರು ಮತ್ತು ಮನೆ ಕಟ್ಟಿಸುವವರು ಕೇಳಬೇಕಾದ ಪ್ರಶ್ನೆ ಒಂದೇ: ಇದರ ಖರ್ಚು ಕಡೆಗೆ ಯಾರ ಮೈಮೇಲೆ ಬೀಳುತ್ತದೆ?

ಲೆಕ್ಕ ಹಾಕಿ ನೋಡಿದರೆ ಉತ್ತರ ಹೀಗಿದೆ: ಈಗಿನ ನಿಯಮದಲ್ಲಿ ಹೊರೆ ಪೈಸೆಗಳಲ್ಲಿದೆ. ನಿಯಮ ಮುಂದೆ ಬಿಗಿಯಾದರೆ ರೂಪಾಯಿಗಳಿಗೆ ಏರಬಹುದು.

ಯೋಜನೆ ಏನು?

ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಅದರ ಆಧಾರದ ಮೇಲೆ 2023ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಯೋಜನೆಯ ಅಧಿಸೂಚನೆ ಹೊರಡಿಸಿತು. 2025ರ ಅಕ್ಟೋಬರ್‌ನಲ್ಲಿ ಪರಿಸರ ಸಚಿವಾಲಯವು ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮತ್ತು ಕಾಸ್ಟಿಕ್ ಸೋಡಾ ತಯಾರಿಸುವ ಒಟ್ಟು 282 ಕಾರ್ಖಾನೆಗಳಿಗೆ ಗುರಿ ನಿಗದಿ ಮಾಡಿತು. ಇವುಗಳಲ್ಲಿ 186 ಸಿಮೆಂಟ್ ಕಾರ್ಖಾನೆಗಳೇ ಇವೆ. ಆ ನಂತರ ತೈಲ ಸಂಸ್ಕರಣಾಗಾರ, ಪೆಟ್ರೋಕೆಮಿಕಲ್ ಮತ್ತು ಜವಳಿ ಕ್ಷೇತ್ರಗಳನ್ನೂ ಸೇರಿಸಲಾಯಿತು.

ಗುರಿ ಇರುವುದು ಒಟ್ಟು ಹೊಗೆಯ ಮೇಲೆ ಅಲ್ಲ, ಒಂದು ಟನ್ ಮಾಲು ತಯಾರಿಸಲು ಎಷ್ಟು ಹೊಗೆ ಬಿಟ್ಟರು ಎಂಬುದರ ಮೇಲೆ. 2023-24ರ ಪ್ರಮಾಣವನ್ನು ಆಧಾರವಾಗಿಟ್ಟು, 2025-26 ಮತ್ತು 2026-27ಕ್ಕೆ ಪ್ರತಿ ಕಾರ್ಖಾನೆಗೂ ಬೇರೆ ಬೇರೆ ಗುರಿ ಕೊಡಲಾಗಿದೆ. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ಗುರಿ ತಪ್ಪಿಯೂ ಕ್ರೆಡಿಟ್ ಖರೀದಿಸದ ಕಾರ್ಖಾನೆ, ಕ್ರೆಡಿಟ್‌ನ ಸರಾಸರಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು ಪರಿಸರ ಪರಿಹಾರ ಕಟ್ಟಬೇಕು.

ಮನೆ, ಅಂಗಡಿ, ಹಿಟ್ಟಿನ ಗಿರಣಿ, ರೈತರ ಪಂಪ್‌ಸೆಟ್ ಯಾವುದಕ್ಕೂ ಈ ಯೋಜನೆಯಲ್ಲಿ ನೇರ ಶುಲ್ಕ ಇಲ್ಲ. ಹೊರೆ ಬಂದರೆ ಮಾಲಿನ ಬೆಲೆಯ ಮೂಲಕವೇ ಬರಬೇಕು.

ಸಿಮೆಂಟ್ ಚೀಲದ ಲೆಕ್ಕ

ನಮ್ಮ ಜಿಲ್ಲೆಯ ಅಕ್ಕಪಕ್ಕದಲ್ಲೇ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡ ಭಾಗ ಮತ್ತು ಬಾಗಲಕೋಟೆ ಜಿಲ್ಲೆ ಸುಣ್ಣದ ಕಲ್ಲಿಗೆ ಹೆಸರಾದವು. ಸುಣ್ಣದ ಕಲ್ಲು ಸುಡುವಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಕಲ್ಲಿದ್ದಲಿನ ಹೊಗೆ ಬೇರೆ. ಸರಾಸರಿ ಒಂದು ಟನ್ ಸಿಮೆಂಟ್‌ಗೆ ಸುಮಾರು 600 ಕೆ.ಜಿ., ಅಂದರೆ 50 ಕೆ.ಜಿ.ಯ ಒಂದು ಚೀಲಕ್ಕೆ ಸುಮಾರು 30 ಕೆ.ಜಿ.

ಲೆಕ್ಕಕ್ಕೆಂದು ಒಂದು ಕ್ರೆಡಿಟ್ ಬೆಲೆ 1,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅಂದರೆ ಕೆ.ಜಿ.ಗೆ ಒಂದು ರೂಪಾಯಿ. ಒಂದು ಕಾರ್ಖಾನೆ ತನ್ನ ಗುರಿಯನ್ನು ಶೇ 2ರಷ್ಟು ತಪ್ಪಿತು ಎನ್ನೋಣ. ಆಗ ಚೀಲಕ್ಕೆ ಹೆಚ್ಚಾದ ಹೊಗೆ 600 ಗ್ರಾಂ, ಖರ್ಚು 60 ಪೈಸೆ. ಕ್ರೆಡಿಟ್ ಖರೀದಿಸದೆ ಎರಡು ಪಟ್ಟು ಪರಿಹಾರ ಕಟ್ಟಿದರೂ 1 ರೂಪಾಯಿ 20 ಪೈಸೆ. 500 ಚೀಲ ಹಿಡಿಯುವ ಮನೆ ಕಟ್ಟಿಸುವವರಿಗೆ ಇದು 300ರಿಂದ 600 ರೂಪಾಯಿ.

ಇದನ್ನು ಜಿಎಸ್‌ಟಿ ಜೊತೆ ಹೋಲಿಸಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 300 ರೂಪಾಯಿಯ ಚೀಲಕ್ಕೆ ಅದು 30 ರೂಪಾಯಿ ಉಳಿತಾಯ, 500 ಚೀಲಕ್ಕೆ 15,000 ರೂಪಾಯಿ. ಇದರ ಮುಂದೆ 60 ಪೈಸೆ ಏನೂ ಅಲ್ಲ. ಹಾಗಾಗಿ "ಕಾರ್ಬನ್ ಟ್ಯಾಕ್ಸ್ ಬಂದೈತ್ರಿ, ಅದಕ್ಕ ಚೀಲಕ್ಕ ಇಪ್ಪತ್ತು ರೂಪಾಯಿ ಜಾಸ್ತಿ ಆಗೇತಿ" ಎಂದು ಯಾರಾದರೂ ಹೇಳಿದರೆ ಈಗಿನ ನಿಯಮದ ಪ್ರಕಾರ ಆ ಮಾತಿಗೆ ಆಧಾರ ಇಲ್ಲ.

ಆದರೆ ಇನ್ನೊಂದು ಮುಖವೂ ಇದೆ. ಗುರಿ ತಪ್ಪಿದ ಪಾಲಿಗೆ ಮಾತ್ರವಲ್ಲ, ಬಿಟ್ಟ ಪೂರ್ತಿ ಹೊಗೆಗೂ ಬೆಲೆ ಕಟ್ಟುವ ನಿಯಮ ಮುಂದೊಂದು ದಿನ ಬಂದರೆ ಅದೇ ಚೀಲಕ್ಕೆ 30 ರೂಪಾಯಿ ಬೀಳುತ್ತದೆ. ಜಿಎಸ್‌ಟಿ ಇಳಿಕೆಯಿಂದ ಸಿಕ್ಕ ಲಾಭ ಪೂರ್ತಿ ಹೋಗುತ್ತದೆ. ಯುರೋಪ್ ಆ ದಾರಿಯಲ್ಲೇ ಇದೆ. ಅಲ್ಲಿ ಕಾರ್ಖಾನೆಗಳಿಗೆ ಉಚಿತವಾಗಿ ಸಿಗುತ್ತಿದ್ದ ಪಾಲನ್ನು ಹಂತ ಹಂತವಾಗಿ ಕಡಿಮೆ ಮಾಡಲಾಗುತ್ತಿದೆ.

ಕರೆಂಟ್ ಬಿಲ್ ಮತ್ತು ಕೂಡಗಿ

ಬಸವನ ಬಾಗೇವಾಡಿ ಭಾಗದ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಶಾಖೋತ್ಪನ್ನ ಸ್ಥಾವರ ಇದೆ, ತಲಾ 800 ಮೆಗಾವಾಟ್‌ನ ಮೂರು ಘಟಕಗಳು. ಹೊಗೆ ಎಂದ ಕೂಡಲೇ ಇಲ್ಲಿನ ಜನರಿಗೆ ನೆನಪಾಗುವುದು ಇದೇ ಸ್ಥಾವರ. ಆದರೆ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಈ ಮಾರುಕಟ್ಟೆಯಲ್ಲಿ ಗುರಿ ನಿಗದಿಯಾಗಿಲ್ಲ. ಆದ್ದರಿಂದ ಹೆಸ್ಕಾಂ ಬಿಲ್ಲಿನಲ್ಲಿ ಕಾರ್ಬನ್ ಕ್ರೆಡಿಟ್ ಹೆಸರಿನ ಬಾಬತ್ತು ಬರುವ ಕಾರಣ ಸದ್ಯಕ್ಕೆ ಇಲ್ಲ.

ಮುಂದೆ ಸೇರಿಸಿದರೆ? ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಾಗಲು ಸುಮಾರು 900 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದೇ 1,000 ರೂಪಾಯಿ ಬೆಲೆಯಲ್ಲಿ ಶೇ 2 ತಪ್ಪಿದರೆ ಯೂನಿಟ್‌ಗೆ 2 ಪೈಸೆಯೂ ಆಗದು. ಪೂರ್ತಿ ಹೊಗೆಗೆ ಬೆಲೆ ಕಟ್ಟಿದರೆ 90 ಪೈಸೆ. ತಿಂಗಳಿಗೆ 500 ಯೂನಿಟ್ ಸುಡುವ ಹಿಟ್ಟಿನ ಗಿರಣಿಗೆ ಅದು 9 ರೂಪಾಯಿಗೂ 450 ರೂಪಾಯಿಗೂ ಇರುವ ವ್ಯತ್ಯಾಸ. ರಾಜ್ಯಕ್ಕೆ ಆಲಮಟ್ಟಿಯಂಥ ಜಲವಿದ್ಯುತ್, ಸೋಲಾರ್, ಗಾಳಿ ವಿದ್ಯುತ್ ಕೂಡ ಬರುವುದರಿಂದ ನಿಜವಾದ ಸರಾಸರಿ ಇದಕ್ಕಿಂತ ಕಡಿಮೆ ಇರುತ್ತದೆ.

ಗೃಹಜ್ಯೋತಿ ಮಿತಿಯೊಳಗಿನ ಮನೆಗಳಿಗೆ ಇದು ನೇರವಾಗಿ ತಟ್ಟದು, ಸರ್ಕಾರದ ಬೊಕ್ಕಸಕ್ಕೆ ತಟ್ಟುತ್ತದೆ. ಬಿಸಿ ಮೊದಲು ಹತ್ತುವುದು ಅಂಗಡಿ, ಗಿರಣಿ, ವೆಲ್ಡಿಂಗ್ ಶಾಪ್‌ಗಳಿಗೆ.

ಕಲ್ಲಿದ್ದಲಿನ ಮೇಲೆ ಹಣ ವಸೂಲಿ ಹೊಸದೇನೂ ಅಲ್ಲ. 2010ರಲ್ಲಿ ಟನ್‌ಗೆ 50 ರೂಪಾಯಿಯಿಂದ ಶುರುವಾದ ಸೆಸ್ 2016ರ ಹೊತ್ತಿಗೆ 400 ರೂಪಾಯಿ ಆಗಿತ್ತು. ಅದು ಕರೆಂಟ್ ದರದೊಳಗೇ ಸೇರಿತ್ತು, ಬಹಳ ಜನರಿಗೆ ಗೊತ್ತೂ ಆಗಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಆ ಸೆಸ್ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ 5ರಿಂದ ಶೇ 18ಕ್ಕೆ ಏರಿಸಲಾಯಿತು.

ಡೀಸೆಲ್, ಗೊಬ್ಬರ, ಕಿರಾಣಿ

ತೈಲ ಸಂಸ್ಕರಣಾಗಾರಗಳ ಗುರಿ ಅವು ತಮ್ಮ ಆವರಣದೊಳಗೆ ಬಿಡುವ ಹೊಗೆಗೆ ಮಾತ್ರ. ಇಂಡಿಯಿಂದ ಲಿಂಬೆಹಣ್ಣು ಹೊತ್ತು ಹೋಗುವ ಲಾರಿಯ ಹೊಗೆ ಈ ಲೆಕ್ಕದಲ್ಲಿ ಇಲ್ಲ. ಡೀಸೆಲ್ ದರ ನಿರ್ಧರಿಸುವುದು ಇಂದಿಗೂ ಕಚ್ಚಾ ತೈಲದ ಬೆಲೆ ಮತ್ತು ಎರಡೂ ಸರ್ಕಾರಗಳ ತೆರಿಗೆ.

ಯೂರಿಯಾ ದರವನ್ನು ಕೇಂದ್ರವೇ ನಿಗದಿ ಮಾಡುತ್ತದೆ. ಗೊಬ್ಬರ ಕಾರ್ಖಾನೆಗಳು ಮುಂದೆ ಯೋಜನೆಗೆ ಬಂದರೂ ಯೂರಿಯಾದ ಹೆಚ್ಚಿನ ಖರ್ಚು ಮೊದಲು ಸಬ್ಸಿಡಿ ಲೆಕ್ಕಕ್ಕೆ ಹೋಗುತ್ತದೆ. ಸಾಬೂನು, ನೋಟ್‌ಬುಕ್ ಬೆಲೆಯಲ್ಲಿ ಕಾಸ್ಟಿಕ್ ಸೋಡಾ ಮತ್ತು ಕಾಗದದ ಪಾಲು ಇದ್ದೇ ಇದೆ. ಆದರೆ ಅಲ್ಲೂ ಗುರಿ ತಪ್ಪಿದ ಭಾಗಕ್ಕೆ ಮಾತ್ರ ಖರ್ಚು.

ಹಾರುಬೂದಿ ಇಟ್ಟಂಗಿ ಮಾಡುವವರು ಗಮನಿಸಬೇಕಾದದ್ದು

ಹೊಗೆ ಕಡಿಮೆ ಮಾಡಲು ಸಿಮೆಂಟ್ ಕಾರ್ಖಾನೆಗಳಿಗೆ ಇರುವ ಸುಲಭದ ದಾರಿ ಸುಟ್ಟ ಸುಣ್ಣದ ಕಲ್ಲಿನ ಪಾಲು ಇಳಿಸಿ ಹಾರುಬೂದಿ ಬೆರೆಸುವುದು. ಪಿಪಿಸಿ ಸಿಮೆಂಟ್‌ನಲ್ಲಿ ಶೇ 35ರವರೆಗೆ ಹಾರುಬೂದಿಗೆ ಅವಕಾಶ ಇದೆ. ಹೀಗಾಗಿ ಕೂಡಗಿಯಂಥ ಸ್ಥಾವರಗಳ ಬೂದಿಗೆ ಬೇಡಿಕೆ ಹೆಚ್ಚಾಗಬಹುದು. ಅದೇ ಬೂದಿಯಿಂದ ಇಟ್ಟಂಗಿ, ಬ್ಲಾಕ್ ಮಾಡುವ ಸಣ್ಣ ಘಟಕಗಳಿಗೆ ದೊಡ್ಡ ಕಂಪನಿಗಳ ಜೊತೆ ಪೈಪೋಟಿ ಬೀಳಬಹುದು. ಈ ಯೋಜನೆಯ ಪರಿಣಾಮ ನಮ್ಮ ಭಾಗದಲ್ಲಿ ಮೊದಲು ಕಾಣುವುದಾದರೆ ಚೀಲದ ರೇಟಿಗಿಂತ ಬೂದಿಯ ರೇಟಿನಲ್ಲಿ ಕಾಣುವ ಸಾಧ್ಯತೆ ಹೆಚ್ಚು.

ಓದುಗರು ನೆನಪಿಡಬೇಕಾದದ್ದು

• ಮನೆಗೆ, ಅಂಗಡಿಗೆ 'ಕಾರ್ಬನ್ ತೆರಿಗೆ' ಎಂಬುದು ಈ ಯೋಜನೆಯಲ್ಲಿ ಇಲ್ಲ. ಆ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ, ಲಿಖಿತ ಆದೇಶ ಕೇಳಿ.

• ಮಾಲಿನ ದರ ಏರಿದಾಗ ಜಿಎಸ್‌ಟಿ ಬಿಲ್ ಪಡೆಯಿರಿ. ಮೂಲ ದರ ಎಷ್ಟು, ತೆರಿಗೆ ಎಷ್ಟು ಎಂದು ಬಿಡಿಸಿ ನೋಡಿ, ಹಿಂದಿನ ತಿಂಗಳ ಬಿಲ್ಲಿಗೆ ಹೋಲಿಸಿ.

• ಯೋಜನೆಯಲ್ಲಿ ಸ್ವಯಂಪ್ರೇರಿತವಾಗಿ ಸೇರುವ ಭಾಗವೂ ಇದೆ. 'ಗಿಡ ನೆಟ್ಟರ ಕಾರ್ಬನ್ ರೊಕ್ಕ ಬರತೈತಿ' ಎಂದು ಏಜೆಂಟರು ಬಂದರೆ ಹೊಲದ ಉತಾರ, ಆಧಾರ್ ಪ್ರತಿ ಕೊಡುವ ಮೊದಲು ಒಪ್ಪಂದ ಎಷ್ಟು ವರ್ಷದ್ದು, ಕ್ರೆಡಿಟ್ ಯಾರ ಹೆಸರಿಗೆ, ರೈತನ ಪಾಲು ಎಷ್ಟು ಎಂಬ ಮೂರನ್ನೂ ಕನ್ನಡದಲ್ಲಿ ಬರೆಸಿಕೊಳ್ಳಿ. ಮೊದಲೇ ಫೀ ಕೇಳುವವರಿಂದ ದೂರ ಇರಿ.

• ಸದ್ಯದ ಗುರಿಗಳು 2026-27ಕ್ಕೆ ಮುಗಿಯುತ್ತವೆ. ಅದರ ನಂತರದ ಗುರಿ ಎಷ್ಟು ಬಿಗಿ ಇರುತ್ತದೆ, ವಿದ್ಯುತ್ ಸ್ಥಾವರಗಳು ಸೇರುತ್ತವೆಯೇ ಎಂಬ ಎರಡು ಸುದ್ದಿಗಳ ಮೇಲೆ ಕಣ್ಣಿಡಿ. ಪೈಸೆ ರೂಪಾಯಿ ಆಗುವುದು ಅಲ್ಲಿಂದಲೇ.