ನೀರುದೋಸೆಯ ರಾತ್ರಿ ಉಮ್ಮ ಯಾವಾಗ ಉಣ್ಣುತ್ತಾರೆ?

"ರಾತ್ರಿಗೆ ಪ್ಯಾನ್‌ಕೇಕ್ ಮಾಡುವನಾ?" ಎಂದು ಕೇಳಿದ್ದು ತಂಗಿಯ ಮಗ. ಒಂಬತ್ತು ವರ್ಷದ ಹುಡುಗ, ದುಬೈಯಲ್ಲಿ ಓದುವವನು, ಬೇಸಿಗೆ ರಜೆಗೆ ಊರಿಗೆ ಬಂದಿದ್ದ. ಅಲ್ಲಿಯ ಬೇಸಿಗೆ ರಜೆ ಎಂದರೆ ಇಲ್ಲಿ ಜಡಿಮಳೆಯ ಕಾಲ. ಅಸರ್ ಕಳೆದು ಚಹಾ ಕುಡಿಯುತ್ತಾ ಕೂತಿದ್ದ ಉಮ್ಮ, "ಎಂತದು ಅದು?" ಎಂದರು. ಹುಡುಗ ವಿವರಿಸಿದ. ಮೈದಾಕ್ಕೆ ಮೊಟ್ಟೆ, ಹಾಲು ಹಾಕಿ ಕಲಸುವುದು, ಕಾವಲಿಗೆ ಹೊಯ್ಯುವುದು, ಮಗುಚುವುದು, ಮೇಲೆ ಜೇನು ಸುರಿಯುವುದು. ಉಮ್ಮ ಪೂರ್ತಿ ಕೇಳಿಸಿಕೊಂಡು, "ದೋಸೆ ಅಲ್ವಾ ಮೋನೇ ಅದು! ಅಕ್ಕಿ ನೆನೆ ಹಾಕಿದ್ದು ಉಂಟು, ರಾತ್ರಿಗೆ ಅದೇ" ಎಂದು ಮಾತು ಮುಗಿಸಿದರು.

ನಮ್ಮ ಮನೆಗಳಲ್ಲಿ ರಾತ್ರಿ ಊಟಕ್ಕೆ ನೀರುದೋಸೆ ಎಂದರೆ ಯಾರಿಗೂ ಆಶ್ಚರ್ಯವಿಲ್ಲ. ಉದ್ದಿನ ದೋಸೆಗೆ ಹಿಂದಿನ ರಾತ್ರಿಯೇ ಯೋಚನೆ ಮಾಡಬೇಕು, ಹಿಟ್ಟು ಹುಳಿ ಬರಬೇಕು, ಮಳೆಗಾಲದಲ್ಲಿ ಅದು ಬೇಗ ಉಬ್ಬುವುದೂ ಇಲ್ಲ. ನೀರುದೋಸೆಗೆ ಅಂಥ ತಕರಾರಿಲ್ಲ. ಬೆಳ್ತಿಗೆ ಅಕ್ಕಿ ನಾಲ್ಕು ಗಂಟೆ ನೆನೆದರೆ ಸಾಕು, ಅರೆದ ಕೂಡಲೇ ಹೊಯ್ಯಬಹುದು. ಮಧ್ಯಾಹ್ನ ಫೋನ್ ಮಾಡಿ "ರಾತ್ರಿ ಬರ್ತೇವೆ" ಎನ್ನುವ ನೆಂಟರಿಗೂ ಆಗುತ್ತದೆ. ಅಕ್ಕಿ, ಉಪ್ಪು, ನೀರು, ಬೇಕಾದರೆ ಒಂದು ಹಿಡಿ ತೆಂಗಿನತುರಿ, ಅಷ್ಟೇ. ಜೊತೆಗೆ ಕೋಳಿ ಸಾರು ಇದ್ದರೆ ದೊಡ್ಡವರಿಗೆ ಹಬ್ಬ, ಕಾಯಿಹಾಲಿಗೆ ಬೆಲ್ಲ ಕರಗಿಸಿ ಕೊಟ್ಟರೆ ಮಕ್ಕಳಿಗೆ ಹಬ್ಬ.

ಸಾಮಾನು ಕಡಿಮೆ ಎಂದು ಕೆಲಸ ಸುಲಭ ಎಂದುಕೊಳ್ಳಬಾರದು. ಅಕ್ಕಿಯನ್ನು ಬೆರಳಿಗೆ ತರಿ ಸಿಕ್ಕದಷ್ಟು ನುಣ್ಣಗೆ ಅರೆಯಬೇಕು. ಹಿಟ್ಟು ಮಜ್ಜಿಗೆಯಷ್ಟು ತೆಳುವಾಗಿರಬೇಕು. ಹುದುಗಿಲ್ಲದ, ಉದ್ದಿನ ಅಂಟೂ ಇಲ್ಲದ ಹಿಟ್ಟಾದ್ದರಿಂದ ಅಕ್ಕಿಯೆಲ್ಲ ಪಾತ್ರೆಯ ತಳಕ್ಕೆ ಇಳಿಯುತ್ತಲೇ ಇರುತ್ತದೆ. ಪ್ರತಿ ದೋಸೆಗೂ ಮೊದಲು ತಳದಿಂದ ಕದಡಬೇಕು. ಮರೆತರೆ ಮೊದಲ ಹತ್ತು ದೋಸೆ ಬರೀ ನೀರು, ಕೊನೆಯ ಹತ್ತು ಗಟ್ಟಿ ರೊಟ್ಟಿ. ಕಾವಲಿ ಚೆನ್ನಾಗಿ ಕಾದಿರಬೇಕು, ಹಿಟ್ಟು ಬಿದ್ದಾಗ 'ಚುಂಯ್' ಎನ್ನಬೇಕು. ಆ ಸದ್ದು ಬಂದರೆ ಮಾತ್ರ ಮೈತುಂಬ ಜಾಲರಿಯಂಥ ತೂತು. ಸೌಟಿನಲ್ಲಿ ಹರಡುವ ಹಾಗಿಲ್ಲ. ಅಂಚಿನಿಂದ ಸುತ್ತಲೂ ಹೊಯ್ದು ನಡುವಿಗೆ ಬರಬೇಕು. ಮುಚ್ಚಳ ಮುಚ್ಚಿ, ಅಂಚು ಎದ್ದ ಮೇಲೆ ಮಗುಚದೆ ಮಡಚಿ ತೆಗೆಯಬೇಕು.

ನಮ್ಮ ಬೀಡಿನ ಕಾವಲಿಗೆ ನಮಗಿಂತ ಹೆಚ್ಚು ವಯಸ್ಸು. ಒಮ್ಮೆ ಉಮ್ಮ ಮದುವೆ ಮನೆಗೆ ಹೋಗಿದ್ದಾಗ ಅದನ್ನು ನಾವು ಸೋಪು ಹಾಕಿ ಉಜ್ಜಿ ಫಳಫಳ ಮಾಡಿಟ್ಟಿದ್ದೆವು, ಉಮ್ಮನಿಗೆ ಖುಷಿಯಾದೀತು ಎಂದು. ಮರುದಿನ ಒಂದೇ ಒಂದು ದೋಸೆ ಏಳಲಿಲ್ಲ. ನೀರುಳ್ಳಿಯನ್ನು ಅರ್ಧ ಮಾಡಿ ಎಣ್ಣೆಗೆ ಅದ್ದಿ ಉಜ್ಜಿ ಉಜ್ಜಿ ಅದನ್ನು ಮತ್ತೆ ದಾರಿಗೆ ತರಲು ಒಂದು ವಾರ ಹಿಡಿಯಿತು. ಅಂದಿನಿಂದ ಆ ಕಾವಲಿಯ ಹತ್ತಿರ ನಮ್ಮನ್ನು ಬಿಟ್ಟದ್ದು ಕಡಿಮೆ.

ಈಗ ಹೇಳಬೇಕೆಂದಿರುವ ವಿಷಯ. ಆ ರಾತ್ರಿ ಮನೆಯಲ್ಲಿ ಎಂಟು ಜನ. ಒಬ್ಬರಿಗೆ ಆರರಂತೆ ನಲವತ್ತೆಂಟು ದೋಸೆ. ಒಂದು ದೋಸೆಗೆ ಒಂದೂವರೆ ನಿಮಿಷ ಎಂದರೆ ಒಟ್ಟು 72 ನಿಮಿಷ. ಲೆಕ್ಕ ಹಾಕಿದ್ದು ಜುಬೈಲಿನಿಂದ ರಜೆಯಲ್ಲಿ ಬಂದಿದ್ದ ಅಣ್ಣ. ಅಂದರೆ ಎಲ್ಲರೂ ಸುಪ್ರದ ಸುತ್ತ ಕೂತು ಬಿಸಿಬಿಸಿ ತಿನ್ನುವಾಗ ಒಬ್ಬರು ಒಂದೂಕಾಲು ಗಂಟೆ ಒಲೆಯ ಮುಂದೆ ನಿಂತಿರಬೇಕು. ಅನ್ನ ಸಾರಾದರೆ ಬಡಿಸಿ ಕೂರಬಹುದು. ಪತ್ತಿರ್ ಆದರೆ ಮೊದಲೇ ಸುಟ್ಟಿಡಬಹುದು. ನೀರುದೋಸೆ ಹಾಗಲ್ಲ, ಕಾವಲಿಯಿಂದ ಬಟ್ಟಲಿಗೆ ಬರಬೇಕು ಎನ್ನುವುದು ನಮ್ಮ ಮನೆಯ ಕಾನೂನು.

ಬಾಪ ಇದ್ದ ಕಾಲದಲ್ಲೂ ಹೀಗೆಯೇ. ನಾವು ಐದು ಮಕ್ಕಳು ಹಜಾರದಿಂದ "ಉಮ್ಮಾ, ಇನ್ನೊಂದು!" ಎಂದು ಕೂಗುವುದು, ಉಮ್ಮ ಅಡುಗೆಮನೆಯಿಂದ "ಬಂತು ಬಂತು" ಎನ್ನುವುದು. ಯಾರು ಹೆಚ್ಚು ತಿಂದರು ಎಂದು ನಮ್ಮೊಳಗೆ ಪಂದ್ಯ ಬೇರೆ. ಹನ್ನೊಂದು ತಿಂದ ದಾಖಲೆ ಅಣ್ಣನದ್ದು. ನಾವು ಕೈ ತೊಳೆದು ಎದ್ದ ಮೇಲೆ ಉಮ್ಮ ಕೂರುತ್ತಿದ್ದರು. ಅವರ ಬಟ್ಟಲಲ್ಲಿ ಕಾವಲಿ ಕಾಯುವ ಮೊದಲು ಹರಿದುಹೋದ ಮೊದಲ ದೋಸೆ, ಕೊನೆಯಲ್ಲಿ ಉಳಿದ ಗಟ್ಟಿ ದೋಸೆ, ಸಾರಿನ ಪಾತ್ರೆಯ ತಳದ ಮಸಾಲೆ. ಅದರಲ್ಲಿ ಕೋಳಿಯ ತುಂಡು ಇತ್ತೋ ಇಲ್ಲವೋ ನಾವು ನೋಡಿದವರಲ್ಲ. ನಲವತ್ತು ವರ್ಷ ಈ ಮನೆಯಲ್ಲಿ ನೀರುದೋಸೆ ತಿಂದಿದ್ದೇವೆ, ಉಮ್ಮ ನಮ್ಮ ಜೊತೆ ಕೂತು ತಿಂದದ್ದು ಒಬ್ಬರಿಗೂ ನೆನಪಿಲ್ಲ. ಅಣ್ಣನ 72 ನಿಮಿಷದ ಲೆಕ್ಕ ಕೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಉಮ್ಮನಿಗೆ ಈಗ ಎಪ್ಪತ್ತೊಂದು, ಮೊಣಕಾಲು ನೋವು. ತಂಗಿ ಒಂದು ಉಪಾಯ ಹೇಳಿದಳು: "ಎಲ್ಲ ಮೊದಲೇ ಮಾಡಿಡುವ. ಒಂದೊಂದನ್ನೇ ಆರಲು ಬಿಟ್ಟು ಆಮೇಲೆ ಒಟ್ಟಿದರೆ ಅಂಟುವುದಿಲ್ಲ. ಮತ್ತೆ ಒಟ್ಟಿಗೆ ಕೂರುವ." ಅದು ನಿಜವೂ ಹೌದು, ಬಿಸಿಯಲ್ಲೇ ಒಂದರ ಮೇಲೊಂದು ಹಾಕಿದರೆ ಮಾತ್ರ ಅಂಟುವುದು. ಆದರೆ ಉಮ್ಮ ಒಪ್ಪಬೇಕಲ್ಲ. "ತಣ್ಣನೆ ದೋಸೆ ಬಡಿಸ್ಲಿಕ್ಕೆ ನನ್ನ ಮನೆ ಏನು ಹೋಟೆಲಾ?" ಎಂದರು. ಅವರ ಪಕ್ಷವನ್ನೂ ಹೇಳಬೇಕು. ಒಲೆಯ ಮುಂದಿನ ಜಾಗ ಅವರಿಗೆ ಬರೀ ಕಷ್ಟವಲ್ಲ, ಅಧಿಕಾರವೂ ಹೌದು. ಸೊಸೆಯಂದಿರಿಗೂ ಅವರು ಆ ಸೌಟನ್ನು ಸುಲಭದಲ್ಲಿ ಕೊಟ್ಟವರಲ್ಲ.

ಕೊನೆಗೆ ಅಣ್ಣನೇ ಎದ್ದ. ಜುಬೈಲಿನ ರೂಮಿನಲ್ಲಿ ಆರು ಜನ ಸರದಿಯಲ್ಲಿ ಅಡುಗೆ ಮಾಡುವವರು. ಗುರುವಾರ ರಾತ್ರಿ ಅವನ ಪಾಳಿ, ಗುರುವಾರವೆಂದರೆ ಅಲ್ಲಿ ನೀರುದೋಸೆಯಂತೆ. ನಮಗೆ ಇದು ಗೊತ್ತೇ ಇರಲಿಲ್ಲ. ಹನ್ನೊಂದು ತಿಂದವನು ಮಾಡಲೂ ಕಲಿತಿದ್ದಾನೆ! ಪಕ್ಕದ ಒಲೆಗೆ ತಂಗಿಯ ನಾನ್‌ಸ್ಟಿಕ್ ತವಾ ಏರಿತು. ಎರಡು ಕಾವಲಿ, ಹತ್ತು ದೋಸೆಗೆ ಒಬ್ಬರು ಬದಲು ಎಂದು ಒಪ್ಪಂದವಾಯಿತು. ಹಿಟ್ಟು ಅರೆದದ್ದು ಅತ್ತಿಗೆ, ನೀರು ಸೇರಿಸಿದ್ದು ತಂಗಿ. ಉಪ್ಪು ಮಾತ್ರ ಉಮ್ಮನೇ ಹಾಕಿದರು, ಅದನ್ನು ಬೇರೆಯವರಿಗೆ ಬಿಡುವುದಿಲ್ಲ ಎಂದು. ಆಮೇಲೆ ಅವರನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದೆವು. ನೆಲದಲ್ಲಿ ಕೂರಲು ಈಗ ಅವರಿಗೆ ಆಗುವುದಿಲ್ಲ, ಹಾಗಾಗಿ ಆ ರಾತ್ರಿ ಸುಪ್ರ ಮೇಜಿನ ಮೇಲೆಯೇ.

ಹುಡುಗನ ಪ್ಯಾನ್‌ಕೇಕ್ ಕೂಡ ಆಯಿತು, ನಾಲ್ಕೇ ನಾಲ್ಕು. ಅವನೇ ಸ್ಟೂಲ್ ಹತ್ತಿ ನಿಂತು ಮಗುಚಿದ. ಉಮ್ಮ ಒಂದು ತುಂಡು ಬಾಯಿಗೆ ಹಾಕಿ, "ಒಳ್ಳೆದುಂಟು. ಆದ್ರೆ ಸಾರಿಗೆ ಆಗ್ಲಿಕ್ಕಿಲ್ಲ" ಎಂದು ತೀರ್ಪು ಕೊಟ್ಟರು.

ಕೂರಿಸಿದ ಮಾತ್ರಕ್ಕೆ ಉಮ್ಮ ಕೂತರು ಎಂದಲ್ಲ. ಮೊದಲ ದೋಸೆ ಬಟ್ಟಲಿಗೆ ಬಂದರೂ ಕೈ ಹಾಕಲಿಲ್ಲ, ಕಿವಿಯೆಲ್ಲ ಅಡುಗೆಮನೆಯ ಕಡೆ. "ಸದ್ದು ಕೇಳ್ತಾ ಇಲ್ಲ, ಕಾವಲಿ ಕಾದಿಲ್ಲ." "ಕದಡಿದೆಯಾ?" "ಉರಿ ಸಣ್ಣ ಮಾಡು, ಸೀದ ವಾಸನೆ." ಎರಡು ಸಲ ಏಳಲು ಹೋದರು, ಎರಡು ಸಲವೂ ಹುಡುಗ ಮಡಿಲಿಗೆ ಒರಗಿ ಕೂತುಬಿಟ್ಟ. ಮೂರನೆಯ ದೋಸೆಯ ಹೊತ್ತಿಗೆ ಸಾರು ಹಾಕಿಸಿಕೊಂಡರು. ಕಾಲಿನ ತುಂಡು ಬಡಿಸಿದರೆ ಎಂದಿನಂತೆ ಹುಡುಗನ ಬಟ್ಟಲಿಗೆ ದಾಟಿಸಿದರು. ತಂಗಿ ಇನ್ನೊಂದು ತುಂಡು ಹಾಕಿ ಬಟ್ಟಲು ಕೈಯಲ್ಲೇ ಹಿಡಿದು ನಿಂತಳು.

ಐದನೆಯದನ್ನು ತಿನ್ನುತ್ತಿರುವಾಗ ಅಣ್ಣ ಬೆವರು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಬಂದು ನಿಂತು, "ಹೇಗುಂಟು ಉಮ್ಮಾ?" ಎಂದ.

ಉಮ್ಮ ನಿಧಾನ ಅಗಿದು ನುಂಗಿ, "ಪರವಾಗಿಲ್ಲ. ಉಪ್ಪು ಸ್ವಲ್ಪ ಕಡಿಮೆ" ಎಂದರು. ಉಪ್ಪು ಹಾಕಿದ್ದು ಯಾರೆಂದು ನಾವು ಯಾರೂ ಬಾಯಿ ಬಿಡಲಿಲ್ಲ. ಅಣ್ಣ ಮತ್ತೆ ಒಲೆಯ ಕಡೆ ತಿರುಗುವಾಗ ಹಿಂದಿನಿಂದ ಉಮ್ಮನ ಮಾತು ಕೇಳಿಸಿತು, "ಇನ್ನೊಂದು ತಾ."